ಮೊದಲು ಬಿಟ್ಟ ಮೀನು

ಮೀನಿನ ವಿಷಯದಲ್ಲಿ ನಮ್ಮ ಕಡಬದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಮುದ್ರ ಇಲ್ಲಿಂದ ಬಸ್ಸು ಬದಲಿಸಿ ಹೋಗುವಷ್ಟು ದೂರ. ಆದರೂ ಬೆಳಗ್ಗೆ ಮೀನಿನ ಗಾಡಿ ಹಾರ್ನ್ ಹೊಡೆಯಿತೆಂದರೆ ಸಾಕು, ಪ್ರತಿಯೊಬ್ಬರೂ ದೋಣಿಯಲ್ಲೇ ಹುಟ್ಟಿದವರ ಹಾಗೆ ಕಿವಿರು ಎತ್ತಿ ನೋಡುತ್ತಾರೆ, ಹೊಟ್ಟೆ ಒತ್ತಿ ನೋಡುತ್ತಾರೆ, ಮೂಗು ಮುರಿಯುತ್ತಾರೆ. ನನ್ನ ಗಂಡನ ತಾಯಿ, ಮಗ ಉಮ್ಮ ಎಂದೂ ನಾನು ಮಾಮಿ ಎಂದೂ ಕರೆಯುವವರು, ಇವರೆಲ್ಲರಿಗಿಂತ ದೊಡ್ಡ ನ್ಯಾಯಾಧೀಶೆ. ನಿನ್ನೆಯ ಬಂಗುಡೆಯನ್ನು ಇವತ್ತಿನದ್ದೆಂದು ಅವರಿಗೆ ಮಾರಿದವರು ಇನ್ನೂ ಹುಟ್ಟಿಲ್ಲ. ಹಳಸಿದ ಮೀನು ಮನೆಯೊಳಗೆ ಬಂದರೆ ಅದು ಅವರಿಗೆ ಮರ್ಯಾದೆಯ ಪ್ರಶ್ನೆ.

ಅಂಥ ಮನೆಯಲ್ಲಿ ಮೀನಿಗಿದ್ದದ್ದು ಒಂದೇ ದಾರಿ: ಚೀಲದಿಂದ ಕತ್ತಿಗೆ, ಕತ್ತಿಯಿಂದ ಸಾರಿನ ಚಟ್ಟಿಗೆ. ಆ ಮನೆಯ ಚಾವಡಿಯಲ್ಲಿ ಗಾಜಿನ ತೊಟ್ಟಿ ಇಟ್ಟು, ಸಮುದ್ರದ ನೀರು ತುಂಬಿ, ಸಮುದ್ರದ ಮೀನು ಸಾಕುತ್ತೇನೆಂದು ನನ್ನ ಗಂಡ ಹೇಳಿದಾಗ ಮಾಮಿ ಕೇಳಿದ್ದು, "ದೊಡ್ಡದಾದ ಮೇಲೆ ತಿನ್ಲಿಕ್ಕೆ ಆಗ್ತದಾ?" ಎಂದು. ಆಗುವುದಿಲ್ಲವೆಂದು ಗೊತ್ತಾದ ಮೇಲೆ ಅವರಿಗೆ ಆ ಮಾತಿನಲ್ಲಿ ಆಸಕ್ತಿಯೇ ಹೋಯಿತು.

ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಇಲ್ಲಿ ಎಲ್ಲವನ್ನೂ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಮಾಮಿಯ ಮಾತಿನ ಖಾರ ಅರ್ಧಕ್ಕರ್ಧ ಇಳಿದುಹೋಗಿದೆ, ಓದುವವರು ಸ್ವಲ್ಪ ಸೇರಿಸಿಕೊಳ್ಳಬೇಕು.

ಇವರು, ಅಂದರೆ ನನ್ನ ಗಂಡ, ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದರು. ಎಂತ ಕೆಲಸ ಎಂದು ಯಾರಾದರೂ ಕೇಳಿದರೆ "ಹೋಟೆಲಿನಲ್ಲಿ" ಎನ್ನುತ್ತಿದ್ದೆವು. ಅಡುಗೆಯೋ ಸಪ್ಲಾಯಿಯೋ ಎಂದು ಊರಿನವರು ಅಂದುಕೊಳ್ಳುತ್ತಿದ್ದರು. ನಿಜ ಹೇಳಿದರೆ ನಗುತ್ತಾರೆಂದು ನಾನೂ ಸುಮ್ಮನಿದ್ದೆ. ಅದೊಂದು ದೊಡ್ಡ ಹೋಟೆಲು. ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಗೋಡೆಯಷ್ಟು ದೊಡ್ಡ ಸಮುದ್ರದ ನೀರಿನ ಟ್ಯಾಂಕು. ಅದರ ಗಾಜು ಒರೆಸುವುದು, ನೀರು ಪರೀಕ್ಷೆ ಮಾಡುವುದು, ಮೀನುಗಳಿಗೆ ತಿನ್ನಿಸುವುದು, ಹುಷಾರಿಲ್ಲದ್ದನ್ನು ಹಿಡಿದು ಬೇರೆ ಇಡುವುದು ಇವರ ಕೆಲಸ. ನಮ್ಮ ಸಂಸಾರದ ಹೆಚ್ಚು ಭಾಗ ನಡೆದದ್ದು ಫೋನಿನ ಪರದೆಯ ಮೇಲೆ. ಇವರ ಮುಖ, ಮುಖದ ಹಿಂದೆ ಮೀನುಗಳು. ನಾನು ಮಗಳ ಶಾಲೆಯ ಬಗ್ಗೆ, ಮಾಮಿಯ ಮಂಡಿನೋವಿನ ಬಗ್ಗೆ ಹೇಳುತ್ತಿದ್ದರೆ ಹಿಂದಿನಿಂದ ಹಳದಿ ಬಣ್ಣದ್ದೊಂದು ಹಾಯಾಗಿ ಹಾದುಹೋಗುತ್ತಿತ್ತು. "ನನ್ನ ಮಾತು ಕೇಳ್ತಾ ಇದ್ದೀರಾ, ಮೀನು ನೋಡ್ತಾ ಇದ್ದೀರಾ?" ಎಂದು ಜಗಳ ತೆಗೆಯುತ್ತಿದ್ದೆ. ಆ ಮೀನುಗಳನ್ನು ಕಂಡರೆ ನನಗೆ ಸವತಿಯನ್ನು ಕಂಡಷ್ಟೇ ಹೊಟ್ಟೆಕಿಚ್ಚು. ಇವರ ಜೊತೆ ದಿನವಿಡೀ ಇರುತ್ತಿದ್ದದ್ದು ಅವೇ ತಾನೆ.

ಆಮೇಲೆ ಕಣ್ಣು ಹಾಳಾಗತೊಡಗಿತು. ಮೊದಮೊದಲು ಮೆಟ್ಟಿಲು ತಪ್ಪುತ್ತಿದ್ದರಂತೆ, ಬಾಗಿಲಿನ ಚೌಕಟ್ಟಿಗೆ ಭುಜ ತಾಗುತ್ತಿತ್ತಂತೆ. ಕನ್ನಡಕ ಬದಲಿಸಿ ನೋಡಿದರು. ಕಣ್ಣಿನೊಳಗೆ ಒತ್ತಡ ಏರಿ ನೋಟದ ನರವೇ ಒಣಗುವ ಕಾಯಿಲೆ ಅದು. ನೋವಿಲ್ಲದೆ ಅಂಚಿನಿಂದ ತಿನ್ನುತ್ತ ಬರುತ್ತದೆ. ಗೊತ್ತಾಗುವ ಹೊತ್ತಿಗೆ ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿನಲ್ಲಿ ನಡುವಿನ ಒಂದು ತುಂಡು ನೋಟ ಮಾತ್ರ ಉಳಿದಿತ್ತು. "ಪೈಪಿನೊಳಗಿಂದ ನೋಡಿದ ಹಾಗೆ" ಎನ್ನುತ್ತಿದ್ದರು. ಕೆಲಸ ಬಿಟ್ಟು ಊರಿಗೆ ಬಂದರು.

ಪುತ್ತೂರಿನ ಕಣ್ಣಿನ ಡಾಕ್ಟರು ನೇರ ಮನುಷ್ಯ. "ಹೋದದ್ದು ಬರುದಿಲ್ಲ. ಉಳಿದದ್ದನ್ನು ಆದಷ್ಟು ಸಮಯ ಉಳಿಸುವ. ಎಷ್ಟು ಸಮಯ ಅಂತ ಮಾತ್ರ ನನ್ನ ಹತ್ತಿರ ಕೇಳ್ಬೇಡಿ" ಎಂದರು. ಹೊರಗೆ ಬಂದ ಮೇಲೆ ಇವರು ನನಗೆ ಹೇಳಿದ ಮೊದಲ ಮಾತು, "ಉಮ್ಮನಿಗೆ ಪೂರ್ತಿ ಹೇಳುದು ಬೇಡ. ಕಣ್ಣಿಗೆ ಮದ್ದು ಹಾಕಿದ್ರೆ ಸರಿಯಾಗ್ತದಂತೆ ಅಂತ ಹೇಳು." ಬಸ್ಸು ಕಾಣಿಯೂರು ದಾಟಿದ ಮೇಲೆ ನನ್ನ ಕಡೆ ತಿರುಗಿ, "ಇಪ್ಪತ್ತು ವರ್ಷ ಬೇರೆಯವರ ಮೀನು ನೋಡಿದೆ. ಕಣ್ಣು ಹೋಗುದ್ರ ಒಳಗೆ ನಂದೇ ಒಂದು ಮೀನು ನೋಡ್ಬೇಕು" ಎಂದರು.

ಯಾವ ಹೆಂಡತಿ ಬೇಡವೆಂದಾಳು? ಆ ಹಾಳು ಮೀನುಗಳ ಮೇಲೆ ಇದ್ದ ಸಿಟ್ಟನ್ನೆಲ್ಲ ನುಂಗಿಕೊಂಡು "ಆಯ್ತು" ಎಂದೆ.

ತೊಟ್ಟಿ ಬಂತು, ಪಂಪು ಬಂತು, ಲೈಟು ಬಂತು, ತೂತುತೂತಿನ ಕಲ್ಲುಗಳು ಬಂದವು. ನೀರಿಗೆ ಮೀನಿನ ಗಾಡಿಯವನನ್ನೇ ಹಿಡಿದೆವು. ಬೋಟು ನಿಲ್ಲುವ ಧಕ್ಕೆಯ ಬದಿಯ ನೀರು ಆಗುವುದಿಲ್ಲ, ಅದರಲ್ಲಿ ಬೋಟಿನ ಎಣ್ಣೆ ಇರುತ್ತದೆ, ದೂರ ಹೋಗುವ ಬೋಟಿನವರ ಹತ್ತಿರ ಹೇಳಿ ಕ್ಯಾನಿನಲ್ಲಿ ತುಂಬಿಸಿಕೊಂಡು ಬರಬೇಕು ಎಂದು ಇವರು ತಾಕೀತು ಮಾಡಿದರು. ಅವನು ತಲೆ ಕೆರೆದುಕೊಂಡು, "ಎಂತ ಮಾರಾಯ್ರೆ, ಇಷ್ಟು ವರ್ಷ ನೀರು ಬಿಟ್ಟು ಮೀನು ತಂದೆ. ಈಗ ಮೀನು ಬಿಟ್ಟು ನೀರು ತರುದಾ?" ಎಂದ. ತಂದುಕೊಟ್ಟ, ಪಾಪ. ಆಚೆಮನೆಯವರೆಲ್ಲ ಬಂದು ಖಾಲಿ ನೀರನ್ನು ನೋಡಿ ಹೋದರು.

ಖಾಲಿ ಎಂದೆನಲ್ಲ, ಅದರಲ್ಲೇ ಇರುವುದು ಕಥೆ. ತೊಟ್ಟಿ ತುಂಬಿದ ಕೂಡಲೇ ಮೀನು ಬಿಡುವ ಹಾಗಿಲ್ಲವಂತೆ. ಮೀನು ತಿಂದು ಹೊರಗೆ ಹಾಕಿದ್ದರಿಂದ ನೀರಿನಲ್ಲಿ ವಿಷ ಏರುತ್ತದೆ. ಆ ವಿಷವನ್ನು ತಿನ್ನುವ, ಕಣ್ಣಿಗೆ ಕಾಣದ ಜೀವಿಗಳು ಮೊದಲು ಕಲ್ಲಿನ ಮೇಲೆ ಮನೆ ಮಾಡಿಕೊಳ್ಳಬೇಕು. ಐದಾರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಅವುಗಳಿಗೂ ಹೊಟ್ಟೆಗೆ ಬೇಕಲ್ಲ, ಅದಕ್ಕೆ ಒಂದು ಹಸಿ ಸಿಗಡಿಯನ್ನು ನೀರಿಗೆ ಹಾಕಿ ಕೊಳೆಯಲು ಬಿಡಬೇಕು. ಇವರು ಹಾಗೆಯೇ ಮಾಡಿದರು.

ಮಾಮಿಗೆ ಅದನ್ನು ಸಹಿಸಲಾಗಲಿಲ್ಲ. "ನಾನು ಈ ಮನೆಗೆ ಕಾಲಿಟ್ಟ ಮೇಲೆ ಇಲ್ಲಿ ಹಳಸಿದ ಸಿಗಡಿ ಇದ್ದದ್ದೇ ಇಲ್ಲ. ಈಗ ಚಾವಡಿಯಲ್ಲಿ ಲೈಟ್ ಹಾಕಿ ಇಟ್ಟಿದ್ದಾನೆ!" ಯಾರಾದರೂ ನೆಂಟರು ಬಂದರೆ ತೊಟ್ಟಿಯ ಮೇಲೆ ಹಳೆಯ ಲುಂಗಿ ಹೊದೆಸಿ ಅದರ ಮುಂದೆ ತಾವೇ ಕುಳಿತುಬಿಡುತ್ತಿದ್ದರು. ಇವರು ನಕ್ಕರು. ನಾನೂ ನಕ್ಕೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನಗು ಇತ್ತು.

ನೀರಿನ ಪರೀಕ್ಷೆಗೆ ಒಂದು ಚಿಕ್ಕ ಗಾಜಿನ ಕೊಳವೆ. ಅದಕ್ಕೆ ತೊಟ್ಟಿಯ ನೀರು ಹಾಕಿ ಮದ್ದಿನ ಹನಿ ಬಿಟ್ಟರೆ ಬಣ್ಣ ಬರುತ್ತದೆ. ಹಸಿರು ಬಂದರೆ ವಿಷ ಇದೆ ಎಂದರ್ಥ, ಹಳದಿ ಬಂದರೆ ಇಲ್ಲ. ಇವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕತ್ತು ಆಚೀಚೆ ಮಾಡಿ, ತಮ್ಮ ಪೈಪಿನ ನೋಟದೊಳಗೆ ಅದನ್ನು ತಂದುಕೊಂಡು ನೋಡುತ್ತಿದ್ದರು. ನೋಡಿ ನನ್ನ ಕೈಗೆ ಕೊಡುತ್ತಿದ್ದರು. "ನೀನು ಹೇಳು." ನಾನು ಬಣ್ಣ ಹೇಳುವುದರಲ್ಲಿ ಜಾಣೆ, ಬ್ಲೌಸ್ ಹೊಲಿಯುವವಳು. "ಹಸಿರೇ, ಆದರೆ ನಿನ್ನೆಯಷ್ಟು ಇಲ್ಲ. ಎಳೆ ಬಾಳೆಲೆಯ ಹಾಗೆ ಉಂಟು" ಎಂದು ಹೇಳುತ್ತಿದ್ದೆ. ಇವರು ತಲೆ ಆಡಿಸುತ್ತಿದ್ದರು. ತಾವು ಕಂಡದ್ದನ್ನು ನನ್ನ ಕಣ್ಣಿನಿಂದ ಗಟ್ಟಿ ಮಾಡಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತಿತ್ತು.

ಸಂಜೆ ಆ ಖಾಲಿ ತೊಟ್ಟಿಯ ಮುಂದೆ ಕುಳಿತು ಮೊದಲ ಮೀನು ಯಾವುದೆಂಬ ಚರ್ಚೆ. ನನಗೆ ಫೋನಿನಲ್ಲಿ ನೋಡಿದ ಆ ಹಳದಿ ಮೀನು ಬೇಕಿತ್ತು. ಇವರು ಬೇಡವೆಂದರು. "ಅದಕ್ಕೆ ಹಳೆ ಟ್ಯಾಂಕ್ ಬೇಕು, ಹೊಸ ನೀರು ಆಗುದಿಲ್ಲ. ಮತ್ತೆ ಅದು ಒಂದು ಕಡೆ ನಿಲ್ಲುದಿಲ್ಲ, ಓಡ್ತಾನೇ ಇರ್ತದೆ. ನನಗೆ ಅದರ ಬಾಲ ಸಿಕ್ಕಿದ್ರೆ ತಲೆ ಸಿಕ್ಕುದಿಲ್ಲ." ಇವರ ಮನಸ್ಸಿನಲ್ಲಿದ್ದದ್ದು ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಕ್ಲೌನ್ ಮೀನು. ಗಟ್ಟಿ ಜೀವ. ಒಂದು ಮೂಲೆ ಹಿಡಿಯಿತೆಂದರೆ ಅಲ್ಲೇ ತೂಗಾಡುತ್ತ ಇರುತ್ತದಂತೆ. "ಅದನ್ನು ನಾನು ಹುಡುಕಬೇಕಂತ ಇಲ್ಲ. ಆ ಮೂಲೆಗೆ ಕಣ್ಣಿಟ್ಟರೆ ಆಯ್ತು, ಅಲ್ಲೇ ಇರ್ತದೆ." ಇನ್ನೊಂದು ಕಾರಣವೂ ಇತ್ತು. "ಮೊದಲು ಬಿಟ್ಟ ಮೀನು ಮನೆಗೆ ಯಜಮಾನ. ಅದು ಸಾಧು ಇದ್ರೆ ಮತ್ತೆ ಬಂದವುಗಳಿಗೆ ಸುಖ. ಜಗಳಗಂಟಿಯಾದ್ರೆ ಬೇರೆ ಯಾವುದನ್ನೂ ಬಾಳ್ಲಿಕ್ಕೆ ಬಿಡುದಿಲ್ಲ."

"ಗೊತ್ತುಂಟು ನನಗೆ, ನಾನು ಬರುವ ಮೊದಲೇ ಈ ಮನೆಯಲ್ಲಿ ನಿಮ್ಮ ಉಮ್ಮ ಇದ್ರಲ್ಲ" ಎಂದೆ. ಅಡುಗೆಮನೆಯಿಂದ ಮಾಮಿ, "ಕೇಳ್ತದೆ ನನಗೆ" ಎಂದರು.

ಕೊನೆಗೊಂದು ಬೆಳಗ್ಗೆ ಕೊಳವೆಯ ನೀರು ಹಳದಿಯಾಯಿತು. ಮರುದಿನವೂ ಹಳದಿ. ಪುತ್ತೂರಿನಲ್ಲಿ ಬಣ್ಣದ ಮೀನುಗಳ ಒಂದು ಅಂಗಡಿ ಇದೆ. ಅಂಗಡಿಯವರು ಸಮುದ್ರದ ಮೀನನ್ನು ಹೇಳಿದರೆ ಮಾತ್ರ ಕೇರಳದ ಕಡೆಯಿಂದ ತರಿಸಿಕೊಡುವವರು. ಡಾಕ್ಟರನ್ನು ಕಾಣುವ ದಿನವೇ ಅಲ್ಲಿಗೂ ಹೋಗಿ ಹೇಳಿ ಬಂದೆವು. ನಾಡಿದ್ದು ಬರುತ್ತದೆ ಎಂದರು. ಡಾಕ್ಟರು ಅಂದು ಏನೂ ಒಳ್ಳೆಯದು ಹೇಳಿರಲಿಲ್ಲ, ಒತ್ತಡ ಮದ್ದಿಗೆ ಬಗ್ಗುತ್ತಿಲ್ಲ ಎಂದಿದ್ದರು. ಆದರೂ ಬರುವಾಗ ಇವರು ಬಸ್ಸಿನಲ್ಲಿ ಮಕ್ಕಳಂತೆ ಮಾತಾಡಿದರು.

ಮನೆಗೆ ಬಂದು ನೋಡಿದರೆ ತೊಟ್ಟಿ ಫಳಫಳ ಹೊಳೆಯುತ್ತಿತ್ತು.

ಮನೆಗೆ ಹೊಸಬರು ಬರುತ್ತಾರೆಂದರೆ ಏನು ಮಾಡಬೇಕೋ ಅದನ್ನೇ ಮಾಮಿ ಮಾಡಿದ್ದರು. ಆಚೆಮನೆಯ ಹೆಂಗಸನ್ನು ಕರೆದು ನೀರನ್ನೆಲ್ಲ ಬಾಲ್ದಿಯಲ್ಲಿ ಎತ್ತಿ ಹೊರಗೆ ಚೆಲ್ಲಿಸಿ, ಸಿಗಡಿಯಲ್ಲಿ ಉಳಿದದ್ದನ್ನು ಎಸೆದು, ಕಲ್ಲುಗಳನ್ನು ಬಾವಿಕಟ್ಟೆಗೆ ಒಯ್ದು, ಮೀನಿನ ಚಟ್ಟಿಯ ವಾಸನೆ ತೆಗೆಯುವ ಹಾಗೆ ಹುಣಸೆಹುಳಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದಿದ್ದರು. ತೊಟ್ಟಿಯಲ್ಲಿ ಈಗ ಬಾವಿಯ ನೀರು. "ಉಪ್ಪು ನೀರು ಬೇಕು ಅಂತ ಹೇಳಿದ್ದಿ ಅಲ್ವಾ, ಕಲ್ಲುಪ್ಪು ಹಾಕಿದ್ದೇನೆ. ರುಚಿ ಸಹ ನೋಡಿದ್ದೇನೆ, ಸರಿ ಉಂಟು" ಎಂದರು. ಮಂಡಿ ಹಿಡಿದುಕೊಂಡು ನಿಂತಿದ್ದರು. ಮುಖದಲ್ಲಿ ಅಷ್ಟೊಂದು ಸಂತೋಷ.

ಇವರು ತೊಟ್ಟಿಯ ಹತ್ತಿರ ಹೋಗಿ, ತೋಳು ಮೇಲೇರಿಸಿ, ಒಳಗೆ ಕೈಹಾಕಿ ಕಲ್ಲನ್ನು ಮುಟ್ಟಿ ನೋಡಿದರು. ಎಷ್ಟೋ ವಾರಗಳಿಂದ ಕೈಗೆ ಜಾರುತ್ತಿದ್ದ ಕಲ್ಲು ಒರಟಾಗಿತ್ತು. ಒಂದು ಕಲ್ಲು ಬಿಟ್ಟು ಇನ್ನೊಂದನ್ನು ಮುಟ್ಟಿದರು. ಎಲ್ಲವೂ ಹಾಗೆಯೇ. ಕೈ ತೆಗೆದು ಒರೆಸಿಕೊಂಡು, "ಒಳ್ಳೆ ಚೊಕ್ಕ ಆಯ್ತು ಉಮ್ಮ. ಮಂಡಿನೋವಲ್ಲಿ ಯಾಕೆ ಮಾಡ್ಲಿಕ್ಕೆ ಹೋದ್ರಿ?" ಎಂದರು.

ನಾನು ಅಷ್ಟು ಒಳ್ಳೆಯವಳಲ್ಲ. ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ. ಇವರು ಗೋಡೆ ಹಿಡಿದುಕೊಂಡು ಹಿಂದೆಯೇ ಬಂದರು. "ಒಂದು ಮಾತು ಹೇಳ್ಬೇಡ ಅವರಿಗೆ" ಎಂದರು.

"ಕಲ್ಲಿನ ಮೇಲೆ ಇದ್ದ ಜೀವ ಎಲ್ಲ ತೊಳೆದುಹೋಯ್ತು. ಮತ್ತೆ ಐದಾರು ವಾರ! ನಿಮಗೆ ಅಷ್ಟು ಸಮಯ ಉಂಟಾ?"

"ಅವರಿಗೆ ಅದು ಗೊತ್ತಿಲ್ಲ ಅಲ್ವಾ."

ನನಗೆ ಆಗ ತೋಚಿದ್ದು ಒಂದೇ. ಸ್ವರ ತಗ್ಗಿಸಿ, ಇವರ ಕೈ ಹಿಡಿದುಕೊಂಡು ಹೇಳಿದೆ. "ನಾಡಿದ್ದು ಆ ಮೀನು ತರುವ. ಹೊಸ ಸಮುದ್ರದ ನೀರು ತರಿಸಿ ಬಿಡುವ. ಎಂತ ಆಗ್ತದೆ, ಎರಡು ದಿನ ಇದ್ದು ಸಾಯ್ತದೆ ಅಷ್ಟೇ ಅಲ್ವಾ? ಆ ಎರಡು ದಿನ ನೀವು ನೋಡಿದ್ದಾಯ್ತು. ದಿನಾ ಬಂಗುಡೆ ತಿನ್ನುವವರು ನಾವು. ಒಂದು ಮೀನು ಸತ್ರೆ ಎಂತ?"

ಇವರು ಕೈ ಬಿಡಿಸಿಕೊಳ್ಳಲಿಲ್ಲ. "ಆ ನೀರಲ್ಲಿ ಅದರ ಕಿವಿರು ಸುಡ್ತದೆ. ಮೇಲೆ ಬಂದು ಬಾಯಿ ತೆರೆದು ತೆರೆದು ಸಾಯ್ತದೆ. ನಾನು ನೋಡಿದ್ದೇನೆ. ತಿನ್ನುದು ಬೇರೆ, ಮನೆಗೆ ಕರೆದು ಕೊಲ್ಲುದು ಬೇರೆ" ಎಂದರು. "ನನಗೆ ನೋಡ್ಲಿಕ್ಕಂತ ಅದು ಸಾಯುದು ಬೇಡ."

ಅವರ ಈ ಒಳ್ಳೆಯತನದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇವತ್ತಿಗೂ ಪೂರ್ತಿ ಇಳಿದಿಲ್ಲ. ಲೋಕದಲ್ಲಿ ಎಷ್ಟೋ ಮಂದಿ ಬೇಡದ್ದನ್ನೆಲ್ಲ ನೋಡಿಕೊಂಡು ಹಾಯಾಗಿದ್ದಾರೆ. ಇವರಿಗೆ ಒಂದು ಮೀನನ್ನು ನೋಡಲು ಇಷ್ಟು ಲೆಕ್ಕಾಚಾರ.

ನೀರು ತಯಾರಾಗುವವರೆಗೆ ಮೀನನ್ನು ಅಲ್ಲೇ ಇಟ್ಟುಕೊಳ್ಳಲು ಅಂಗಡಿಯವರಿಗೆ ಫೋನಿನಲ್ಲಿ ಹೇಳಿದೆವು. ಮತ್ತೆ ಕ್ಯಾನುಗಳು ಬಂದವು, ಮತ್ತೆ ಸಿಗಡಿ ಬಿತ್ತು. ಈ ಸಲ ಮಾಮಿಗೆ ನಾನೇ ಹೇಳಿದೆ, ಡಾಕ್ಟರು ಕಣ್ಣಿಗೆ ಒಳ್ಳೆಯದೆಂದು ಸಿಗಡಿ ಹಾಕಲು ಹೇಳಿದ್ದಾರೆ ಎಂದು. ಹಾಗೆ ಹೇಳಿದ ಮೇಲೆ ಅವರು ತೊಟ್ಟಿಯ ಸುದ್ದಿಗೆ ಬರಲಿಲ್ಲ. ಕೆಲವೊಮ್ಮೆ ಅದರ ಮುಂದೆ ನಿಂತು ತುಟಿ ಅಲುಗಿಸುತ್ತ ದುವಾ ಮಾಡುವುದು ಕಾಣುತ್ತಿತ್ತು.

ಹಸಿರು ಇಳಿಯುವ ಮೊದಲೇ ಇವರ ನೋಟ ಇಳಿಯಿತು. ಪೈಪು ಸಣ್ಣದಾಗುತ್ತ ಬಂತು. ನನ್ನ ಮುಖ ಹುಡುಕಲು ಮೊದಲು ನನ್ನ ಸ್ವರ ಬೇಕಾಗುತ್ತಿತ್ತು. ಒಂದು ಬೆಳಗ್ಗೆ ಎಂದಿನಂತೆ ಕೊಳವೆ ಹಿಡಿದು ಕಿಟಕಿಯ ಬಳಿ ನಿಂತರು. ತುಂಬಾ ಹೊತ್ತು ನಿಂತರು. ಆಮೇಲೆ ಮೆಲ್ಲಗೆ, "ಕಿಟಕಿ ತೆರೆದಿದ್ದೀಯಾ?" ಎಂದು ಕೇಳಿದರು.

ಕಿಟಕಿ ತೆರೆದೇ ಇತ್ತು. ಹೊರಗೆ ಚೆನ್ನಾಗಿ ಬಿಸಿಲು ಬಂದಿತ್ತು. ನಾನು ಕೊಳವೆಯನ್ನು ಅವರ ಕೈಯಿಂದ ತೆಗೆದುಕೊಂಡು, "ಹಸಿರು ಉಂಟು ಇನ್ನೂ" ಎಂದೆ. ಮುಂದಿನ ವಾರ ಅದು ಹಳದಿಯಾಯಿತು. ಅದನ್ನೂ ನಾನೇ ಹೇಳಿದೆ.

ಇನ್ನು ಮೀನಿನ ಮಾತು ಬೇಡ ಎನ್ನುತ್ತಾರೆಂದು ಅಂದುಕೊಂಡಿದ್ದೆ. ಆದರೆ ಇವರೇ ಹೊರಟರು. "ನೀರು ತಯಾರಾಗಿದೆ, ಹಾಗೇ ಬಿಡ್ಲಿಕ್ಕಾಗುದಿಲ್ಲ" ಎಂದರು. ನನ್ನ ಭುಜ ಹಿಡಿದು ಬಸ್ಸು ಹತ್ತಿದರು. ಪುತ್ತೂರಿನ ಅಂಗಡಿಯವರು ನಮ್ಮನ್ನು ಕಂಡು ಖುಷಿಯಿಂದ ಗಾಜಿನ ತೊಟ್ಟಿಯ ಎದುರು ಕರೆದುಕೊಂಡು ಹೋಗಿ, "ನೋಡಿ, ಎಷ್ಟು ಚಂದ ಉಂಟು!" ಎಂದರು. ಮತ್ತೆ ಇವರ ಕಣ್ಣು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಎಲ್ಲಿ ಉಂಟು?" ಎಂದು ಇವರು ನನ್ನನ್ನು ಕೇಳಿದರು.

"ಎಡಮೂಲೆಯಲ್ಲಿ. ನೀವು ಹೇಳಿದ ಹಾಗೇ, ಅಲ್ಲೇ ತೂಗಾಡ್ತಾ ಉಂಟು."

ಗಾಜಿನ ಮೇಲೆ ಕೈಯಿಟ್ಟು ನಿಂತರು. ಒಂದು ಮೀನು ಒಂದೇ ಮೂಲೆಯಲ್ಲಿ ನಿಲ್ಲುವುದರಿಂದ ಈಗ ಇವರಿಗೆ ಯಾವ ಉಪಕಾರವೂ ಇರಲಿಲ್ಲ. ಅಂಗಡಿಯವರು ಏನು ಮಾಡುವುದೆಂದು ತಿಳಿಯದೆ ಪಕ್ಕದ ಚಿಕ್ಕ ತೊಟ್ಟಿಗೆ ಕೈಹಾಕಿ ಕಲ್ಲು ಸರಿಮಾಡತೊಡಗಿದರು. ತಕ್ಷಣ "ಥೂ, ದರಿದ್ರದ್ದು!" ಎಂದು ಕೈ ಎಳೆದುಕೊಂಡರು.

"ಎಂತ ಆಯ್ತು?" ಎಂದರು ಇವರು.

"ಈ ನೀಲಿ ಡ್ಯಾಮ್ಸೆಲ್ ಮಾರಾಯ್ರೆ. ಕಿರುಬೆರಳಷ್ಟಿಲ್ಲ, ನೀರಿಗೆ ಕೈಹಾಕಿದ್ರೆ ಸಾಕು, ಬಂದು ಕುಟುಕ್ತದೆ. ಬೇರೆ ಮೀನುಗಳನ್ನೆಲ್ಲ ಅಟ್ಟಿಸಿ ಅಟ್ಟಿಸಿ ಕೊಂದಿತು. ಅದಕ್ಕೇ ಒಂಟಿ ಇಟ್ಟಿದ್ದೇನೆ."

ಇವರು ತೋಳು ಮೇಲೇರಿಸಿದರು. ನಾನು ಅವರ ಕೈಯನ್ನು ಆ ತೊಟ್ಟಿಯ ಅಂಚಿಗೆ ಮುಟ್ಟಿಸಿದೆ. ಕೈ ನೀರೊಳಗೆ ಇಳಿಯಿತು, ಅಲುಗದೆ ನಿಂತಿತು. ನೀಲಿ ಮೀನು ಕಲ್ಲಿನ ಸಂದಿಯಿಂದ ರೊಯ್ಯನೆ ಬಂದು ತೋರುಬೆರಳಿಗೆ ಕುಟುಕಿತು. ಹಿಂದೆ ಹೋಗಿ ಮತ್ತೆ ಬಂದು ಕುಟುಕಿತು. ಇವರ ಮುಖ ಅಷ್ಟು ಅರಳಿದ್ದನ್ನು ಕಂಡು ಎಷ್ಟೋ ತಿಂಗಳಾಗಿತ್ತು.

"ಇದು ಆಗ್ಬಹುದು" ಎಂದರು.

"ಬೇಡ" ಎಂದೆ. "ಇದನ್ನು ಮೊದಲು ಬಿಟ್ಟರೆ ಮತ್ತೆ ಬೇರೆ ಮೀನು ಬಿಡ್ಲಿಕ್ಕೆ ಆಗುದಿಲ್ಲ. ನೀವೇ ಹೇಳಿದ್ದು."

"ಬಿಟ್ರೂ ಅವು ಇದ್ದದ್ದು ನನಗೆ ಹೇಗೆ ಗೊತ್ತಾಗುದು? ಇದಾದ್ರೆ ಅದೇ ಬಂದು ಹೇಳ್ತದೆ."

ಹಾಗೆ ನಮ್ಮ ಮನೆಗೆ ಮೊದಲ ಮೀನು ಬಂತು. ಅದೇ ಕೊನೆಯದೂ ಆಯಿತು. ಮನೆಯ ನೀರನ್ನು ಹನಿಹನಿಯಾಗಿ ಬೆರೆಸಿ, ರೂಢಿ ಮಾಡಿಸಿ, ಇವರೇ ತಮ್ಮ ಕೈಯಿಂದ ತೊಟ್ಟಿಗೆ ಬಿಟ್ಟರು. ಮಾಮಿ ಬಗ್ಗಿ ನೋಡಿ, "ಇಷ್ಟಕ್ಕಾ ಇಷ್ಟೆಲ್ಲ? ಇದನ್ನು ಸಾರಿಗೆ ಹಾಕಿದ್ರೆ ಹುಡುಕಿದ್ರೂ ಸಿಕ್ಕುದಿಲ್ಲ" ಎಂದರು. ಮತ್ತೆ ಸ್ವಲ್ಪ ತಡೆದು, "ನಿಂಗೆ ಕಾಣ್ತದಾ ಮಗ?" ಎಂದು ಕೇಳಿದರು.

"ಕಾಣ್ತದೆ ಉಮ್ಮ. ಒಳ್ಳೆ ನೀಲಿ ಉಂಟು."

ಹೇಳುವಾಗ ಇವರ ಮುಖ ತೊಟ್ಟಿಯ ಕಡೆಗಿರಲಿಲ್ಲ, ಪಕ್ಕದ ಗೋಡೆಯ ಕಡೆಗಿತ್ತು. ಮಾಮಿ ಅದನ್ನು ನೋಡಿದರು. ನನ್ನನ್ನೂ ನೋಡಿದರು. ಅವರಿಗೆ ಗೊತ್ತಿಲ್ಲವೆಂದು ನಾನು ಆಮೇಲೆ ಎಂದೂ ನಂಬಿಲ್ಲ. "ಕಾಣದೆ ಮತ್ತೆ! ನಾನು ಅಷ್ಟು ತಿಕ್ಕಿದ್ದೇನೆ ಗಾಜು" ಎಂದು ಹೇಳಿ, ಮಂಡಿ ಹಿಡಿದುಕೊಂಡು ಒಳಗೆ ಹೋದರು.

ಇವರು ನೀರಿಗೆ ಕೈ ಇಳಿಸಿ ಕಾಯುತ್ತ ಕುಳಿತರು. ಅಷ್ಟೂ ವರ್ಷ ಫೋನಿನಲ್ಲಿ ಮಾತಾಡುವಾಗ ಅಳು ಬಂದರೆ ನಾನು ಕ್ಯಾಮೆರಾವನ್ನು ಮೇಲೆ ಹೆಂಚಿನ ಮಾಡಿನ ಕಡೆ ತಿರುಗಿಸಿ, ಸಿಗ್ನಲ್ ಇಲ್ಲ ಎನ್ನುತ್ತಿದ್ದೆ. ಈಗ ಇವರ ಎದುರಿಗೇ, ಕೈಗೆಟಕುವಷ್ಟು ಹತ್ತಿರ ನಿಂತು ಅತ್ತುಬಿಟ್ಟೆ. ಮುಖ ತಿರುಗಿಸಲಿಲ್ಲ, ಶಾ‍ಲು ಮುಚ್ಚಿಕೊಳ್ಳಲಿಲ್ಲ, ಕಣ್ಣು ಒರೆಸಲೂ ಇಲ್ಲ.

"ಎಲ್ಲಿ ಹೋಯ್ತು ಅದು, ನೋಡಿ ಹೇಳು" ಎಂದರು.

ಸ್ವರ ಸರಿಮಾಡಿಕೊಂಡು, "ಕಲ್ಲಿನ ಹಿಂದೆ ಉಂಟು. ಕೈ ತೆಗೀಬೇಡಿ, ಬರ್ತದೆ" ಎಂದೆ.